ಗೋಬಿ ಮಂಚೂರಿ ಉಳಿದಿದೆ, ಚೀನೇಪಾಡಾ ಉಳಿದೀತೇ?

ಭಾನುವಾರ ತಾನೇ, ನಿಧಾನಕ್ಕೆ ಎದ್ದು ಹೋದರಾಯಿತು ಎಂದುಕೊಂಡಿದ್ದು ನನ್ನ ತಪ್ಪು. ಕೋಲ್ಕತ್ತಾದ ಟಿರೆಟ್ಟಾ ಬಜಾರಿಗೆ ಹೋಗಿ ಮುಟ್ಟುವಷ್ಟರಲ್ಲಿ ಗಂಟೆ ಎಂಟೂ ಮುಕ್ಕಾಲು. ಹಬೆಯ ಪಾತ್ರೆಗಳನ್ನು ತೊಳೆದು ಕವುಚಿ ಹಾಕುತ್ತಿದ್ದರು. ಒಂದು ಕಡೆ ತಣ್ಣಗಾದ ನಾಲ್ಕು ಮೋಮೊ, ಇನ್ನೊಂದು ಕಡೆ ಪೂರಿ ಪಲ್ಯದವನ ಬಾಣಲೆಯಲ್ಲಿ ಜಿಲೇಬಿ. ಭಾರತದ ಅತಿ ಹಳೆಯ ಚೈನಾಟೌನ್ ನೋಡಲು ಹೋದವನು ಜಿಲೇಬಿ ತಿಂದು ವಾಪಸ್ ಬಂದೆ.

ಮುಂದಿನ ಭಾನುವಾರ ಆರು ಗಂಟೆಗೇ ಹಾಜರಾದೆ. ಆಗ ಹೊಟ್ಟೆ ತುಂಬಿತು. ಜೊತೆಗೆ ಒಂದು ಅನುಮಾನವೂ ಶುರುವಾಯಿತು. ಕೋಲ್ಕತ್ತಾದ ಚೈನಾಟೌನ್ ಬಗ್ಗೆ ಯಾರು ಬರೆದರೂ ಒಂದೇ ಮಾತು ಬರೆಯುತ್ತಾರೆ: ಅದು ಕಣ್ಮರೆಯಾಗುತ್ತಿದೆ, ಬೇಗ ಹೋಗಿ ತಿಂದು ಬನ್ನಿ. ಕಣ್ಮರೆಯಾಗುತ್ತಿರುವುದು ನಿಜ. ಆದರೆ ನಾವು ಹೋಗಿ ತಿಂದರೆ ಅದು ಉಳಿಯುತ್ತದೆ ಅನ್ನುವುದು ನನಗೆ ಅಷ್ಟು ಸರಿ ಕಾಣುತ್ತಿಲ್ಲ. ಅಲ್ಲಿ ತಿನ್ನುವವರಿಗೆ ಯಾವತ್ತೂ ಕೊರತೆ ಇರಲಿಲ್ಲ. ಕೊರತೆ ಇರುವುದು ಮಾಡುವವರದ್ದು, ಅಲ್ಲೇ ವಾಸ ಇರುವವರದ್ದು.

ಮೊದಲು ಜಾಗ ಯಾವುದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಕೋಲ್ಕತ್ತಾದಲ್ಲಿ ಚೈನಾಟೌನ್ ಒಂದಲ್ಲ, ಎರಡು. ಹಳೆಯದು ನಗರದ ನಟ್ಟ ನಡುವೆ, ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಯಿಂದ ಕೂಗಳತೆಯಲ್ಲಿ. ಹದಿನೆಂಟನೇ ಶತಮಾನದಲ್ಲಿ ವೆನಿಸ್‌ನಿಂದ ಬಂದು ಇಲ್ಲಿ ಬಜಾರು ಕಟ್ಟಿಸಿದ ಎಡ್ವರ್ಡ್ ಟಿರೆಟ್ಟಾ ಎಂಬಾತನ ಹೆಸರು ಅದಕ್ಕೆ ನಿಂತಿದೆ. ಬಂಗಾಳಿಗಳ ಬಾಯಲ್ಲಿ ಅದು ಟೆರಿಟಿ ಬಜಾರ್, ಚೀನೀಯರ ಕೇರಿಗೆ ಅವರು ಅನ್ನುವುದು ಚೀನೇಪಾಡಾ. ಇಟಲಿಯವನ ಹೆಸರಿನ ಬಜಾರು, ಚೀನೀಯರ ತಿಂಡಿ, ಪಕ್ಕದ ರಸ್ತೆಗೆ ಚೀನಾದ ಕ್ರಾಂತಿಕಾರಿ ನಾಯಕ ಸನ್ ಯಾತ್‌ ಸೆನ್ ಹೆಸರು. ಹೊಸದು ಊರಿನ ಪೂರ್ವದ ಅಂಚಿನಲ್ಲಿರುವ ಟ್ಯಾಂಗ್ರಾ. ಒಂದು ಕಡೆ ಬೆಳಗಿನ ತಿಂಡಿ, ಇನ್ನೊಂದು ಕಡೆ ರಾತ್ರಿ ಊಟ. ಎರಡರ ಕಥೆಯೂ ಬೇರೆ.

ಟಿರೆಟ್ಟಾ ಬಜಾರಿನಲ್ಲಿ ಹೋಟೆಲ್ಲು, ಮೇಜು, ಕುರ್ಚಿ ಏನೂ ಇಲ್ಲ. ಪೋದ್ದಾರ್ ಕೋರ್ಟ್ ಕಟ್ಟಡದ ಹತ್ತಿರ ರಸ್ತೆ ಬದಿಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ಸಾಲು. ನಮ್ಮ ಇಡ್ಲಿ ಪಾತ್ರೆಯ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಬಡಿಯುತ್ತದೆ. ಒಳಗೆ ಹಂದಿಮಾಂಸ ತುಂಬಿದ ಬಿಳಿ ಬನ್ನು, ಅದೇ ಬಾವ್. ಬಾಯಿ ತೆರೆದುಕೊಂಡು ಕೂತ ಪುಟ್ಟ ಕಡುಬಿನಂಥದ್ದು ಶುಮಾಯಿ. ಮೀನಿನ ಉಂಡೆ ಹಾಕಿದ ತಿಳಿ ಸೂಪು, ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿಯ ಉಂಡೆ, ದಾರಕ್ಕೆ ತೂಗುಹಾಕಿದ ಸಿಹಿ ಮಿಶ್ರಿತ ಚೀನೀ ಸಾಸೇಜು. ನನಗೆ ತುಂಬಾ ಹಿಡಿಸಿದ್ದು ಮೀನಿನ ಉಂಡೆಯ ಸೂಪು. ಅದರಲ್ಲಿ ಖಾರ ಇಲ್ಲ, ಮಸಾಲೆ ಇಲ್ಲ, ಮೇಲೆ ಒಂಚೂರು ಈರುಳ್ಳಿ ಸೊಪ್ಪು, ಅಷ್ಟೇ. ನಮ್ಮೂರಲ್ಲಿ ‘ಚೈನೀಸ್’ ಅಂತ ತಿನ್ನುವ ಯಾವುದರ ರುಚಿಯೂ ಇದಕ್ಕಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಇಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ ಆ ಪೂರಿ, ಜಿಲೇಬಿ. ಬೇಜಾರು ಮಾಡಿಕೊಳ್ಳಬೇಡಿ, ಚೆನ್ನಾಗಿಯೇ ಇರುತ್ತೆ.

ಆದರೆ ಪಾತ್ರೆಯಿಂದ ಕಣ್ಣೆತ್ತಿ ಪಾತ್ರೆಯ ಹಿಂದೆ ಕೂತವರನ್ನು ನೋಡಬೇಕು. ಚೀನೀ ಮೂಲದವರು ಕೆಲವರೇ, ಬಹುತೇಕ ವಯಸ್ಸಾದವರು. ಉಳಿದ ಗಾಡಿಗಳನ್ನು ಬೇರೆಯವರು ನಡೆಸುತ್ತಾರೆ. ಬಾವ್ ಕಡಿಮೆ, ಮೋಮೊ ಜಾಸ್ತಿ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಮೋಮೊ ಸಲೀಸು, ಎಲ್ಲರಿಗೂ ಗೊತ್ತಿರುವ ತಿಂಡಿ, ಫೋಟೋ ಹೊಡೆಯಲು ಬಂದವರೂ ಅದನ್ನೇ ಕೇಳುತ್ತಾರೆ. ಎಲೆಯಲ್ಲಿ ಅಂಟಕ್ಕಿ ಕಟ್ಟುವುದು ಹಿಂದಿನ ರಾತ್ರಿಯ ಕೆಲಸ. ಅದನ್ನು ಕಲಿತ ಮನೆ ಬೇಕು, ಆ ಮನೆಯಲ್ಲಿ ಜನ ಬೇಕು.

ಜನ ಎಲ್ಲಿ ಹೋದರು?

ಅದಕ್ಕೂ ಮೊದಲು, ಬಂದದ್ದಾದರೂ ಯಾಕೆ? ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಟಾಂಗ್ ಅಚ್ಚ್ಯೂ ಎಂಬ ಚೀನೀ ವ್ಯಾಪಾರಿ ಹೂಗ್ಲಿ ದಂಡೆಯ ಬಜ್‌ಬಜ್ ಬಳಿ ಜಮೀನು ಪಡೆದು, ತನ್ನ ದೇಶದ ಆಳುಗಳನ್ನು ಕರೆಸಿ ಸಕ್ಕರೆ ಕಾರ್ಖಾನೆ ಶುರು ಮಾಡಿದ. ಕಾರ್ಖಾನೆ ಹೆಚ್ಚು ದಿನ ನಡೆಯಲಿಲ್ಲ. ಊರಿಗೆ ಮಾತ್ರ ಅವನ ಹೆಸರೇ ಉಳಿಯಿತು, ಅಚ್ಚಿಪುರ. ಆಳುಗಳು ಕಲ್ಕತ್ತಾ ಸೇರಿಕೊಂಡರು. ಆಮೇಲೆ ಬಂದರಿನ ದಾರಿಯಲ್ಲಿ ಇನ್ನಷ್ಟು ಜನ ಬಂದರು. 1930ರ ದಶಕದಲ್ಲಿ ಜಪಾನ್ ಚೀನಾದ ಮೇಲೆ ಯುದ್ಧಕ್ಕೆ ಹೋದಾಗ ಮತ್ತೊಂದು ಗುಂಪು ಬಂತು.

ಬಂದವರೆಲ್ಲ ಒಂದೇ ಜಾತಿಯ ಚೀನೀಯರಲ್ಲ. ಕ್ಯಾಂಟನ್ ಕಡೆಯವರು ಬಡಗಿಗಳು, ಹಡಗು ಕಟ್ಟುವ ಜಾಗದಲ್ಲಿ ಅವರಿಗೆ ಕೆಲಸ. ಹುಬೇ ಪ್ರಾಂತ್ಯದವರು ಹಲ್ಲಿನ ವೈದ್ಯರು. ಶಾಂಡಾಂಗಿನವರು ರೇಷ್ಮೆ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದರು. ಹಕ್ಕಾ ಜನ ಚರ್ಮ ಹದ ಮಾಡುವುದು, ಬೂಟು ಹೊಲಿಯುವುದು ಹಿಡಿದರು. ಮೆನು ಕಾರ್ಡಿನಲ್ಲಿ ‘ಹಕ್ಕಾ ನೂಡಲ್ಸ್’ ಅಂತ ದಿನಾ ಓದುತ್ತೇವಲ್ಲ, ಹಕ್ಕಾ ಅಂದರೆ ಅದೊಂದು ಸಾಸಿನ ಹೆಸರಲ್ಲ, ಈ ಜನರ ಹೆಸರು. ನನಗೂ ಬಹಳ ವರ್ಷ ಇದು ಗೊತ್ತಿರಲಿಲ್ಲ.

ಈ ಒಂದೊಂದು ಗುಂಪೂ ತನ್ನದೇ ಸಂಘ ಕಟ್ಟಿಕೊಂಡಿತು, ಸಂಘಕ್ಕೊಂದು ದೇವಸ್ಥಾನ. ಅವುಗಳ ಬೋರ್ಡಿನಲ್ಲಿ ‘ಚರ್ಚ್’ ಎಂದಿರುತ್ತದೆ. ಒಳಗೆ ಹೋದರೆ ಏಸುವಿಲ್ಲ, ಕರುಣೆಯ ದೇವತೆ ಕ್ವಾನ್ ಯಿನ್ ಇದ್ದಾಳೆ, ಕೆಂಪು ಮುಖದ ವೀರ ಕ್ವಾನ್ ತೀ ಇದ್ದಾನೆ, ಅಗರಬತ್ತಿಯ ಹೊಗೆ ಇದೆ. ದೇವಸ್ಥಾನ ಅನ್ನುವುದಕ್ಕೆ ಇಂಗ್ಲಿಷಿನವರ ಊರಿನಲ್ಲಿ ಸಿಕ್ಕಿದ ಪದ ಅದು, ಅಷ್ಟೇ. 1905ರ ಸೀ ಇಪ್ ಚರ್ಚ್ ಇವತ್ತಿಗೂ ಇದೆ. ಟೂಂಗ್ ಆನ್ ಚರ್ಚಿನ ನೆಲಮಹಡಿಯಲ್ಲಿ 1920ರ ದಶಕದಲ್ಲಿ ನಾನ್‌ಕಿಂಗ್ ಎಂಬ ಹೋಟೆಲ್ ಶುರುವಾಯಿತು. ಒಂದು ಕಾಲಕ್ಕೆ ಮುಂಬೈ ಸಿನಿಮಾ ತಾರೆಯರು ಬಂದು ಊಟ ಮಾಡುತ್ತಿದ್ದ ಜಾಗ. ಅದು ಮುಚ್ಚಿ ದಶಕಗಳಾದವು. ಈ ಬೀದಿಯಲ್ಲಿ ಊಟ ಮತ್ತು ದೇವರು ಹೀಗೆ ಒಂದೇ ಕಟ್ಟಡದಲ್ಲಿ ಇದ್ದವು. ತಿಂಡಿಯನ್ನು ಮಾತ್ರ ಬಿಡಿಸಿ ತೆಗೆದು ಉಳಿಸುತ್ತೇವೆ ಎನ್ನುವವರಿಗೆ ಈ ಕಟ್ಟಡ ನೆನಪಿರಬೇಕು.

ಈಗ 1962ಕ್ಕೆ ಬರೋಣ. ಚೈನಾಟೌನ್ ಕಥೆ ಹೇಳುವ ಆಹಾರದ ವಿಡಿಯೋಗಳು ಈ ವರ್ಷವನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತವೆ. ನನ್ನ ಪ್ರಕಾರ ಉಳಿದ ಕಾರಣಗಳೆಲ್ಲ ಇದರ ನಂತರದವು.

ಆ ಅಕ್ಟೋಬರ್‌ನಲ್ಲಿ ಭಾರತ ಮತ್ತು ಚೀನಾ ಯುದ್ಧ ಶುರುವಾಯಿತು. ಒಂದೇ ತಿಂಗಳಲ್ಲಿ ಮುಗಿಯಿತು. ಇಲ್ಲಿನ ಚೀನೀ ಮೂಲದವರಿಗೆ ಮಾತ್ರ ಮುಗಿಯಲಿಲ್ಲ. ಸರ್ಕಾರ ತುರ್ತು ಕಾನೂನು ತಂದು, ಇಲ್ಲೇ ಹುಟ್ಟಿದವರನ್ನೂ ಶತ್ರು ದೇಶದ ಮೂಲದವರು ಎಂದು ಹಿಡಿದು ಹಾಕಲು ಅವಕಾಶ ಮಾಡಿಕೊಂಡಿತು. ಸುಮಾರು 3,000 ಜನರನ್ನು ರಾಜಸ್ಥಾನದ ದೇವ್ಲಿಯ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಿದರು. ಹೆಚ್ಚಿನವರು ಅಸ್ಸಾಂ, ಡಾರ್ಜಿಲಿಂಗ್ ಕಡೆಯವರು. ಮುದುಕರು, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಅದರಲ್ಲಿದ್ದರು. ಕೆಲವರು ಹೊರಬಂದದ್ದು 1967ರಲ್ಲಿ. ಕೆಲವರನ್ನು ಹಡಗು ಹತ್ತಿಸಿ, ಅವರು ಯಾವತ್ತೂ ಕಾಣದ ಚೀನಾಕ್ಕೆ ಕಳಿಸಿದರು. ವಾಪಸ್ ಬಂದವರಿಗೆ ಮನೆ, ಅಂಗಡಿ ಉಳಿದಿರಲಿಲ್ಲ, ಹರಾಜಾಗಿತ್ತು. ಕಲ್ಕತ್ತಾದಲ್ಲಿ ಶಿಬಿರಕ್ಕೆ ಹೋಗದೆ ಉಳಿದವರೂ ನೆಮ್ಮದಿಯಿಂದ ಇರಲಿಲ್ಲ. ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಟ್ಟು ಹೊರಗೆ ಹೋಗಲು ಅನುಮತಿ ಬೇಕು. ಸರ್ಕಾರಿ ಕೆಲಸ, ಬಂದರಿನ ಕೆಲಸ ಹೋಯಿತು. ಬಡಗಿಗಳ ಕಸುಬು ಹೀಗೇ ಮುರಿದುಬಿತ್ತು.

ಯೋಚನೆ ಮಾಡಿ. ಬೀದಿಯ ಕೊನೆಯಲ್ಲಿ ಲಾಲ್‌ಬಜಾರ್, ಪೊಲೀಸರ ಕೇಂದ್ರ ಕಚೇರಿ. ಅದರ ನೆರಳಿನಲ್ಲಿ ನಿಮ್ಮ ಮನೆ. ನಿಮ್ಮ ಮಕ್ಕಳಿಗೆ ನೀವು ಏನು ಹೇಳುತ್ತೀರಿ? ಇಲ್ಲೇ ಇರು ಅಂತಲೋ, ಹೋಗು ಅಂತಲೋ?

ಹೋದರು. ಹೆಚ್ಚಾಗಿ ಕೆನಡಾದ ಟೊರೊಂಟೊಗೆ. ಕೋಲ್ಕತ್ತಾದಲ್ಲಿ ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಇದ್ದ ಚೀನೀ ಮೂಲದವರು ಈಗ ಸುಮಾರು 2,000 ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. 1969ರಲ್ಲಿ ಶುರುವಾದ ಸೇಂಗ್ ಪೌ ಎಂಬ ಚೀನೀ ಭಾಷೆಯ ದಿನಪತ್ರಿಕೆ ಇತ್ತು. 2020ರಲ್ಲಿ ಅದೂ ನಿಂತಿತು. ಓದುವವರೇ ಇಲ್ಲದ ಮೇಲೆ ಪತ್ರಿಕೆ ಯಾರಿಗೆ? ಟೊರೊಂಟೊದಲ್ಲಿರುವ ಕನ್ನಡಿಗರಿಗೆ ಇದರ ಇನ್ನೊಂದು ತುದಿ ಗೊತ್ತಿರುತ್ತದೆ. ಅಲ್ಲಿ ‘ಹಕ್ಕಾ ಚೈನೀಸ್’ ಎಂದು ಬೋರ್ಡು ಹಾಕಿ ಚಿಲ್ಲಿ ಚಿಕನ್ ಮಾರುವ ಹೋಟೆಲುಗಳಿವೆ. ಶುರು ಮಾಡಿದವರಲ್ಲಿ ಬಹಳಷ್ಟು ಜನ ಹೀಗೆ ಕಲ್ಕತ್ತಾ ಬಿಟ್ಟು ಹೋದವರೇ.

ಇನ್ನು ಟ್ಯಾಂಗ್ರಾ. ಅಲ್ಲಿಯ ಹಕ್ಕಾ ಕುಟುಂಬಗಳ ಕಸುಬು ಚರ್ಮ. ಬೆಂಗಳೂರಿನವರಿಗೆ ಟ್ಯಾನರಿ ರಸ್ತೆ ಗೊತ್ತಲ್ಲ, ಆ ಥರದ ಕಾರ್ಖಾನೆಗಳ ಒಂದು ದೊಡ್ಡ ಊರನ್ನೇ ಊಹಿಸಿಕೊಳ್ಳಿ. ಟ್ಯಾಂಗ್ರಾ, ತಿಲ್ಜಲಾ, ತೋಪ್ಸಿಯಾ, ಪಾಗಲಾ ಡಾಂಗಾ ಸೇರಿ ಸುಮಾರು 550 ಟ್ಯಾನರಿಗಳಿದ್ದವು. ಕ್ರೋಮಿಯಂ ಬೆರೆತ ನೀರು ನೇರ ಚರಂಡಿಗೆ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇವೆಲ್ಲವನ್ನೂ ಊರ ಹೊರಗಿನ ಬಾಂತಲಾಕ್ಕೆ ಸ್ಥಳಾಂತರಿಸಿ ಎಂದು ತೀರ್ಪು ಕೊಟ್ಟಿತು. ಮಾಲಿನ್ಯದ ದೃಷ್ಟಿಯಿಂದ ಆ ತೀರ್ಪು ಬೇಕಾಗಿಯೇ ಇತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎಲ್ಲರೂ ಬಾಂತಲಾಕ್ಕೆ ಹೋಗಲಿಲ್ಲ. ಕೆಲವರು ಕಸುಬೇ ಬಿಟ್ಟರು, ಕೆಲವರು ದೇಶ ಬಿಟ್ಟರು. ಉಳಿದವರಲ್ಲಿ ಹಲವರು ಟ್ಯಾನರಿಯ ದೊಡ್ಡ ಕಾಂಪೌಂಡಿನೊಳಗೆ ಕುರ್ಚಿ, ಮೇಜು, ಏಸಿ ಹಾಕಿ ಹೋಟೆಲ್ ತೆರೆದರು. ಟ್ಯಾಂಗ್ರಾದ ಹೋಟೆಲುಗಳಿಗೆ ಅಷ್ಟೆತ್ತರದ ಗೋಡೆ, ಕಬ್ಬಿಣದ ಗೇಟು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಟ್ಯಾಂಗ್ರಾ ಅಡುಗೆ ಟಿರೆಟ್ಟಾ ಬಜಾರಿನ ತಿಂಡಿಯ ಹಾಗಲ್ಲ. ಅದು ಬಂಗಾಳಿ ಗಿರಾಕಿಗಳಿಗೆಂದೇ ತಯಾರಾದದ್ದು. ಹಸಿಮೆಣಸು, ಬೆಳ್ಳುಳ್ಳಿ, ಸೋಯಾ ಸಾಸ್, ಗಟ್ಟಿ ಮಾಡಲು ಮೆಕ್ಕೆಜೋಳದ ಹಿಟ್ಟು. ಚಿಲ್ಲಿ ಚಿಕನ್, ಗೋಲ್ಡನ್ ಪ್ರಾನ್, ರಾಶಿ ನೂಡಲ್ಸ್. ಇದು ‘ಅಸಲಿ’ ಚೀನೀ ಊಟ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಮಾತು ಸುಮ್ನೆ ಅನ್ನಿಸುತ್ತದೆ. ಎರಡು ಶತಮಾನ ಒಂದು ಊರಲ್ಲಿ ಬದುಕಿದವರ ಅಡುಗೆಗೆ ಆ ಊರಿನ ಮೆಣಸು ಸೇರದೆ ಇರುತ್ತದೆಯೇ? ಅದೇ ಟ್ಯಾಂಗ್ರಾದಲ್ಲಿ ಚೀನೀಯರೇ ನಡೆಸುವ ಕಾಳಿ ಮಂದಿರವಿದೆ, ಅಲ್ಲಿ ಪ್ರಸಾದಕ್ಕೆ ನೂಡಲ್ಸ್ ಇರುತ್ತದೆ. ಅದು ಅಸಲಿಯೋ ನಕಲಿಯೋ ಎಂದು ಕಾಳಿಯಂತೂ ಕೇಳಿಲ್ಲ.

ಈ ಅಡುಗೆ ಅಲ್ಲಿಂದ ದೇಶ ಸುತ್ತಿತು. ಕಲ್ಕತ್ತಾದಲ್ಲಿ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಎಂಬ ಬಾಣಸಿಗ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದ್ದು ಎಂಬುದು ಎಲ್ಲರೂ ಹೇಳುವ ಕಥೆ. ಚಿಕನ್ ಜಾಗಕ್ಕೆ ಹೂಕೋಸು ಬಂತು. ಗೋಬಿ ಮಂಚೂರಿ ನಮ್ಮ ಜಾತ್ರೆಗೆ, ಬಸ್‌ ಸ್ಟ್ಯಾಂಡಿಗೆ, ಮದುವೆ ಮನೆಗೆ ಬಂದು ಕೂತಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಬಂದಿತ್ತು. ಒಂದು ತಿಂಡಿಯ ಬಣ್ಣಕ್ಕೆ ಆರೋಗ್ಯ ಸಚಿವರೇ ಸುದ್ದಿಗೋಷ್ಠಿ ಕರೆಯಬೇಕಾಯಿತು ಎಂದರೆ ಅದು ಎಷ್ಟರಮಟ್ಟಿಗೆ ನಮ್ಮದಾಗಿದೆ ನೋಡಿ. ಅದೇ ವರ್ಷ ಜನವರಿಯಲ್ಲಿ, ಚಿಂಗ್ಸ್ ಸೀಕ್ರೆಟ್ ಹೆಸರಿನಲ್ಲಿ ‘ದೇಸಿ ಚೈನೀಸ್’ ಸಾಸು, ಮಸಾಲೆ ಮಾರುವ ಕ್ಯಾಪಿಟಲ್ ಫುಡ್ಸ್ ಕಂಪನಿಯನ್ನು ಟಾಟಾ ಕನ್ಸ್ಯೂಮರ್ 5,100 ಕೋಟಿ ರೂಪಾಯಿ ಬೆಲೆ ಕಟ್ಟಿ ಕೊಳ್ಳುವುದಾಗಿ ಹೇಳಿತು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ರುಚಿಯ ಬೆಲೆ 5,100 ಕೋಟಿ. ಆ ರುಚಿ ಹುಟ್ಟಿಸಿದ ಜನ 2,000. ರುಚಿಗೆ ಈಗ ಆ ಬೀದಿ ಬೇಡ. ಅದು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ದಾವಣಗೆರೆಯ ಗಾಡಿಯಲ್ಲೂ ಸಿಗುತ್ತದೆ. ಹಾಗಾಗಿ ‘ಊಟ ಉಳಿಸೋಣ’ ಎಂದು ಹೊರಟರೆ ನಾವು ಉಳಿಸುವುದು ಯಾವ ಅಪಾಯವೂ ಇಲ್ಲದ ವಸ್ತುವನ್ನು.

ಸುಮಾರು ಹತ್ತು ವರ್ಷದ ಹಿಂದೆ ಹಳೆಯ ಚೈನಾಟೌನ್ ಚೊಕ್ಕ ಮಾಡುವ ‘ಚಾ ಪ್ರಾಜೆಕ್ಟ್’ ಎಂಬ ಯೋಜನೆ ಬಂತು. ಹಳೇ ಕಟ್ಟಡ ದುರಸ್ತಿ, ತಿಂಡಿ ಬೀದಿ, ನಡೆದಾಡುವ ದಾರಿ, ಹೀಗೆ ಒಳ್ಳೆಯ ಮಾತುಗಳೇ ಇದ್ದವು. ನಾನು ಹೋದಾಗ ಅಲ್ಲಿ ಕಂಡಿದ್ದು ಮಾತ್ರ ಒಡೆದ ಫುಟ್‌ಪಾತು, ಗೋಡೆಗೆ ಬೇರು ಬಿಟ್ಟ ಆಲದ ಗಿಡ ಮತ್ತು ಕಸ. ನಾಳೆ ಇದೆಲ್ಲ ಚೊಕ್ಕವಾಗಿ, ಕೆಂಪು ಲಾಟೀನು ತೂಗುಹಾಕಿದರು ಅಂತಲೇ ಇಟ್ಟುಕೊಳ್ಳಿ. ಬಾವ್ ಮಾಡುವವರು ಯಾರು? ಸ್ಯಾನ್ ಫ್ರಾನ್ಸಿಸ್ಕೋ ಉದಾಹರಣೆ ಕೊಡುವವರಿದ್ದಾರೆ. 1906ರ ಭೂಕಂಪದಲ್ಲಿ ಅಲ್ಲಿನ ಚೈನಾಟೌನ್ ನೆಲಕಚ್ಚಿದಾಗ, ಅವರನ್ನು ಊರಾಚೆ ಕಳಿಸಲು ನಗರದವರು ಹೊಂಚು ಹಾಕಿದ್ದರು. ಚೀನೀ ವ್ಯಾಪಾರಿಗಳು ಜಾಗ ಬಿಡದೆ, ಪಗೋಡಾ ಥರದ ಮಾಡು ಇಟ್ಟು ಪ್ರವಾಸಿಗರನ್ನು ಸೆಳೆಯುವ ಹಾಗೆ ಬೀದಿ ಕಟ್ಟಿದರು. ಅದು ಕೆಲಸ ಮಾಡಿತು, ನಿಜ. ಆದರೆ ಅಲಂಕಾರದ ಹಿಂದೆ ಅಲ್ಲಿ ಜನ ಇದ್ದರು, ಮುಂದೆ ಚೀನಾದಿಂದ ಹೊಸಬರೂ ಬರುತ್ತಾ ಹೋದರು. ಕೋಲ್ಕತ್ತಾಕ್ಕೆ ಹೊಸಬರು ಯಾರೂ ಬರುತ್ತಿಲ್ಲ. ಈಗಿನ ಗಡಿ ಜಗಳದ ಕಾಲದಲ್ಲಿ ಬರುವ ಮಾತೂ ಇಲ್ಲ. 2020ರಲ್ಲಿ ಗಲ್ವಾನ್ ಘರ್ಷಣೆ ಆದಾಗ ಟ್ಯಾಂಗ್ರಾದವರು ನಾವು ಭಾರತೀಯರು, ಸೇನೆಯ ಜೊತೆ ಇದ್ದೇವೆ ಎಂದು ಫಲಕ ಹಿಡಿದು ನಿಂತರು. ಏಳು ತಲೆಮಾರಿನ ನಂತರವೂ ರಸ್ತೆಗೆ ಬಂದು ಇದನ್ನು ಹೇಳಬೇಕಾಗಿ ಬರುವುದು ಸಣ್ಣ ವಿಷಯವಲ್ಲ.

ಹಾಗಾದರೆ ಏನೂ ಮಾಡಲು ಆಗುವುದಿಲ್ಲವೇ? ಜನರನ್ನು ವಾಪಸ್ ತರಲು ಆಗುವುದಿಲ್ಲ. ಇರುವವರು ಹೋಗದ ಹಾಗೆ ಮಾಡಬಹುದು. ಅದಕ್ಕೆ ಬೇಕಿರುವುದು ಲಾಟೀನಲ್ಲ, ಬಹಳ ಬೇಸರದ ಕೆಲಸಗಳು. ಬೆಳಗಿನ ಆ ಮೂರು ತಾಸಿನ ಮಾರಾಟಕ್ಕೆ ಫುಟ್‌ಪಾತಿನಲ್ಲಿ ಹಕ್ಕಿನ ಜಾಗ. ಸಂಘಗಳ ಹಳೆಯ ಆಸ್ತಿಯ ಕಾಗದಪತ್ರ ಸರಿ ಮಾಡಿಕೊಳ್ಳಲು ಸಹಾಯ. ಕಸ ಎತ್ತುವುದು. ಟ್ಯಾಂಗ್ರಾದ ಖಾಲಿ ಟ್ಯಾನರಿಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ, ಅಲ್ಲಿ ಕೆಲವಾದರೂ ಶಾಲೆಗೋ ಮ್ಯೂಸಿಯಮ್ಮಿಗೋ ಉಳಿಯಬೇಕು. ಮತ್ತು ದೇವ್ಲಿ. ಶಿಬಿರದಲ್ಲಿದ್ದವರು ಇವತ್ತಿಗೂ ಕೇಳುತ್ತಿರುವುದು ಒಂದು ಕ್ಷಮೆ. ಯಾವ ಸರ್ಕಾರವೂ ಅದನ್ನು ಕೇಳಿಲ್ಲ. ಅದಕ್ಕೆ ದುಡ್ಡೂ ಖರ್ಚಾಗುವುದಿಲ್ಲ. ಮತ ಕೇಳಲು ಮಾತ್ರ ಇವರು ಲೆಕ್ಕಕ್ಕೆ ಬರುತ್ತಾರೆ: 2019ರ ಲೋಕಸಭಾ ಚುನಾವಣೆಯಲ್ಲಿ ಟ್ಯಾಂಗ್ರಾದ ಗೋಡೆಗಳ ಮೇಲೆ ತೃಣಮೂಲ ಕಾಂಗ್ರೆಸ್ ಚೀನೀ ಲಿಪಿಯಲ್ಲೇ ಪ್ರಚಾರ ಬರೆಸಿತ್ತು.

ಇಷ್ಟೆಲ್ಲ ಓದಿ, ಹೋಗಬೇಡಿ ಅಂತಿದ್ದೀನಿ ಅಂದುಕೊಳ್ಳಬೇಡಿ. ಹೋಗಿ. ಆರು ಗಂಟೆಗೆ ಅಲ್ಲಿರಿ, ಎಂಟರ ಮೇಲೆ ಏನೂ ಉಳಿದಿರುವುದಿಲ್ಲ. ಹತ್ತಿರದ ಮೆಟ್ರೊ ನಿಲ್ದಾಣ ಸೆಂಟ್ರಲ್, ಆದರೆ ಭಾನುವಾರ ಮೆಟ್ರೊ ತಡವಾಗಿ ಶುರುವಾಗುವುದರಿಂದ ಟ್ಯಾಕ್ಸಿಯೇ ಗತಿ. ಚಿಲ್ಲರೆ ಇಟ್ಟುಕೊಳ್ಳಿ. ಮೋಮೊ ಬಿಟ್ಟು, ಗೊತ್ತಿಲ್ಲದ್ದನ್ನು ಕೇಳಿ ತಿನ್ನಿ. ಮುಖದ ಮುಂದೆ ಮೊಬೈಲ್ ಹಿಡಿಯುವ ಮೊದಲು ಒಂದು ಮಾತು ಕೇಳಿ. ಆ ಅಜ್ಜಿಯರು ನಿಮ್ಮ ರೀಲ್ಸಿಗೆ ಕೂತಿಲ್ಲ. ತಿಂದಾದ ಮೇಲೆ ಓಡಿಹೋಗದೆ ಸೀ ಇಪ್ ಚರ್ಚಿನ ಮೆಟ್ಟಿಲು ಹತ್ತಿ. ಬೆಂಟಿಂಕ್ ಸ್ಟ್ರೀಟಿನಲ್ಲಿ ಉಳಿದಿರುವ ಚೀನೀ ಬೂಟಿನ ಅಂಗಡಿಗಳನ್ನು ನೋಡಿ. ಮಧ್ಯಾಹ್ನಕ್ಕೆ ಗಣೇಶ್ ಚಂದ್ರ ಅವೆನ್ಯೂದ ಓ ಚ್ಯೂ ಹೋಟೆಲಿದೆ, ಒಂದೇ ಕುಟುಂಬ ತಲೆಮಾರುಗಳಿಂದ ನಡೆಸಿಕೊಂಡು ಬಂದ ಜಾಗ. ನಡುವೆ ಕೆಂಡದ ಕೊಳವೆ ಇರುವ ಪಾತ್ರೆಯಲ್ಲಿ ಕುದಿಯುತ್ತಲೇ ಮೇಜಿಗೆ ಬರುವ ಚಿಮ್ನಿ ಸೂಪು ಅಲ್ಲಿಯ ವಿಶೇಷ, ಮೊದಲೇ ಹೇಳಿಡಬೇಕು. ವಾಪಸ್ ಬರುವಾಗ ಪೌ ಚಾಂಗ್‌ನ ಹಸಿಮೆಣಸಿನ ಸಾಸ್ ಒಂದು ಬಾಟಲಿ ತನ್ನಿ. ಮುಚ್ಚಳದ ಮೇಲೆ ಟೇಪು ಸುತ್ತಿ. ನಾನು ಸುತ್ತಿರಲಿಲ್ಲ, ಎರಡು ಅಂಗಿ ಹೋದವು.

ಚೀನೀ ಹೊಸವರ್ಷದ ಆಸುಪಾಸಿನಲ್ಲಿ ಹೋಗುವವರಾದರೆ ಅಚ್ಚಿಪುರವನ್ನೂ ನೋಡಿ. ನಗರದಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ನದಿ ದಂಡೆಯಲ್ಲಿ ಕುದುರೆ ಲಾಳದ ಆಕಾರದ ಕೆಂಪು ಗೋರಿ ಇದೆ, ಅದು ಅಚ್ಚ್ಯೂದು. ಪಕ್ಕದ ಊರಿನಲ್ಲಿ ಖುದಾ ಖುದಿ ಎಂದು ಕರೆಯುವ ಭೂದೇವರ ಗುಡಿ. ಹೊಸವರ್ಷದ ನಂತರದ ವಾರಗಳಲ್ಲಿ ಕೋಲ್ಕತ್ತಾದ ಚೀನೀ ಕುಟುಂಬಗಳು ಬಸ್ಸು ಮಾಡಿಕೊಂಡು ಅಲ್ಲಿಗೆ ಬರುತ್ತವೆ. ಪರದೇಶಕ್ಕೆ ಹೋದವರು ಊರಿಗೆ ಬಂದಿದ್ದರೆ ಅವರೂ ಜೊತೆಗೆ ಬರುತ್ತಾರೆ. ಮೊಂಬತ್ತಿ, ಅಗರಬತ್ತಿ ಹಚ್ಚಿ, ಮನೆಯಿಂದ ಕಟ್ಟಿಕೊಂಡು ತಂದ ಅಡುಗೆಯನ್ನು ದೇವರ ಮುಂದೆ ಬಡಿಸಿ, ಆಮೇಲೆ ತಾವೇ ಕೂತು ಊಟ ಮಾಡುತ್ತಾರೆ.